ಎಡಕ್ಕೆ ಎಳೆಯುವ ಕಾರು

"ಆ ಜಾಗ ಸರಿಯಿಲ್ಲ" ಎಂದು ಯಾರಾದರೂ ಹೇಳಿದರೆ ಒಂದು ಕಾಲದಲ್ಲಿ ನನಗೆ ಸಿಟ್ಟು ಬರುತ್ತಿತ್ತು. ನಗು ಅಲ್ಲ, ಸಿಟ್ಟು. ದೈವದ ಮಾತು ಬೇರೆ. ಮನೆಯವರ ಜೊತೆ ನಾನೂ ಕೈ ಮುಗಿಯುತ್ತಿದ್ದೆ. ಆದರೆ ರಸ್ತೆಯ ಒಂದು ತುಂಡು, ಒಂದು ಮೋರಿ, ಒಂದು ಮರ ಮನುಷ್ಯನಿಗೆ ಏನೋ ಮಾಡುತ್ತದೆ ಎಂಬುದನ್ನು ಕೇಳಲು ನನ್ನಿಂದ ಆಗುತ್ತಿರಲಿಲ್ಲ. ಕಾರಣ ಹೇಳುತ್ತೇನೆ. ನಾನು ಕಷ್ಟಪಟ್ಟು ಓದಿದವನು. ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಅಕ್ಕಿ ಮುಡಿ ಸಾಗಿಸುವ ಎತ್ತಿನ ಗಾಡಿಯವನ ಮಗ. ನನಗಿಂತ ಮೊದಲು ನಮ್ಮ ಮನೆಯಲ್ಲಿ ತನ್ನ ಹೆಸರನ್ನು ತಾನೇ ಬರೆದವರು ಯಾರೂ ಇಲ್ಲ. ಕಾಗದ ಬಂತೆಂದರೆ ಅಪ್ಪ ಎಡಗೈಯ ಹೆಬ್ಬೆರಳು ಚಾಚುತ್ತಿದ್ದರು, ಬಂದವರು ಮಸಿ ಹಚ್ಚಿ ಒತ್ತಿಸಿಕೊಂಡು ಹೋಗುತ್ತಿದ್ದರು. ನಾನು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿದು ಊಟ ಸಂಪಾದಿಸಿ ಎಂಜಿನಿಯರಿಂಗ್ ಪದವಿ ಪಡೆದೆ. ಹಾಗೆ ಗಳಿಸಿದ ವಿದ್ಯೆಯನ್ನು ಒಂದು ಮೋರಿ ಸುಳ್ಳು ಮಾಡುತ್ತದೆ ಎಂದರೆ ಒಪ್ಪುವುದು ಹೇಗೆ?

ಈಗ ಬರೆಯುವುದನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವೂ ನಂಬಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಅರವತ್ತರ ದಶಕದ ಆರಂಭದ ಮಾತು. ಉಡುಪಿಯ ಒಬ್ಬ ಬಸ್ಸು ಮಾಲೀಕರ ವರ್ಕ್‌ಶಾಪಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಮಣಿಪಾಲದಲ್ಲಿ ಬಾಡಿಗೆ ಕೋಣೆ. ಮಾಲೀಕರನ್ನು ಎಲ್ಲರೂ ಧಣಿಗಳು ಎನ್ನುತ್ತಿದ್ದರು. ಅವರ ಹತ್ತಿರ ಒಂದು ಕಪ್ಪು ವಿದೇಶಿ ಕಾರು ಇತ್ತು. ನಮ್ಮ ಬಸ್ಸು, ಲಾರಿಗಳಲ್ಲಿ ಹಿಂದಿನ ಚಕ್ರ ತಳ್ಳುತ್ತದೆ, ಮುಂದಿನ ಚಕ್ರ ತಿರುಗುತ್ತದೆ. ಈ ಕಾರಿನಲ್ಲಿ ಎಳೆಯುವ ಕೆಲಸವೂ ತಿರುಗುವ ಕೆಲಸವೂ ಮುಂದಿನ ಚಕ್ರದ್ದೇ. ಅದರ ಮೂಲ ಎಂಜಿನ್ ಕೆಟ್ಟಾಗ ಧಣಿಗಳು ಯುದ್ಧದ ನಂತರ ಹರಾಜಿಗೆ ಬಂದ ಒಂದು ದೊಡ್ಡ ಎಂಜಿನ್ ತಂದು, ನಮ್ಮ ವರ್ಕ್‌ಶಾಪಿನಲ್ಲೇ ಹಾಕಿಸಿದ್ದರು. ಅದು ನಾನು ಸೇರುವ ಮೊದಲಿನ ಕೆಲಸ. ಅಷ್ಟು ದೊಡ್ಡ ಎಂಜಿನ್ ನಡುವೆ ಕೂರಲಿಲ್ಲ, ಸ್ವಲ್ಪ ಬಲಕ್ಕೆ ಸರಿಸಿ ಕೂರಿಸಿದರು. ಅದರಿಂದ ಶಕ್ತಿಯನ್ನು ಚಕ್ರಗಳಿಗೆ ಒಯ್ಯುವ ಎರಡು ಉಕ್ಕಿನ ದಂಡಗಳಲ್ಲಿ ಬಲದ್ದು ಗಿಡ್ಡ, ಎಡದ್ದು ಉದ್ದ ಆಯಿತು. ಎಕ್ಸಿಲೇಟರ್ ಜೋರಾಗಿ ಒತ್ತಿದರೆ ಎರಡು ಚಕ್ರಗಳ ಎಳೆತ ಸಮ ಬೀಳುವುದಿಲ್ಲ. ಸ್ಟೇರಿಂಗ್ ಎಡಕ್ಕೆ ಹೊರಳುತ್ತದೆ, ಕಾರು ರಸ್ತೆ ಬಿಟ್ಟು ಎಡಕ್ಕೆ ನುಗ್ಗುತ್ತದೆ. ಎರಡು ಕೈಯಲ್ಲಿ ಅದುಮಿ ಹಿಡಿಯಬೇಕು.

ಆ ಕಾರನ್ನು ಓಡಿಸುತ್ತಿದ್ದವನು ಲಾದ್ರು. ಕಾಪುವಿನ ಕಡೆಯ ಕೊಂಕಣಿ ಕ್ರಿಶ್ಚಿಯನ್, ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಮೊದಲ ಸಲ ಅವನ ಪಕ್ಕ ಕೂತು ಮಣಿಪಾಲದ ಏರು ಹತ್ತಿದಾಗ ಅವನು ಹಲ್ಲು ಕಚ್ಚಿ ಸ್ಟೇರಿಂಗ್ ಹಿಡಿದೇ ಹೇಳಿದ:

"ನಾನು ಕುಡಿಯುವುದಿಲ್ಲ ಇಂಜಿನಿಯರ್ರೇ, ಕುಡಿದದ್ದು ಇದು. ಸರಾಯಿ ಗಡಂಗು ಬಂದ್ ಆಗಿ ಎಷ್ಟು ವರ್ಷ ಆಯಿತು, ಇದಕ್ಕೆ ಇನ್ನೂ ಎಡಗಡೆಯ ಗಡಂಗು ಮರೆತು ಹೋಗಲಿಲ್ಲ ಮಾರಾಯ್ರೇ!"

ನಾನು ಅವನಿಗೆ ಗಿಡ್ಡ ದಂಡ, ಉದ್ದ ದಂಡದ ಲೆಕ್ಕ ಬರೆದು ತೋರಿಸಿದೆ. ಅವನು ಕಾಗದವನ್ನು ತಲೆಕೆಳಗೆ ಹಿಡಿದು ಗಂಭೀರವಾಗಿ ನೋಡಿ ವಾಪಸು ಕೊಟ್ಟ. ಅವನಿಗೂ ಓದು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಲಾದ್ರು ಮಂಗಳೂರಿನಲ್ಲಿ ಧಣಿಗಳನ್ನು ಇಳಿಸಿ ಒಬ್ಬನೇ ಉಡುಪಿಗೆ ಬರುತ್ತಿದ್ದ. ಉಚ್ಚಿಲ ದಾಟಿ ಕಾಪು ಬರುವ ಮೊದಲು ರಸ್ತೆಗೆ ಒಂದು ಸಣ್ಣ ಮೋರಿ ಉಂಟು, ಎರಡು ಬದಿಗೂ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಅಲ್ಲಿ ಕಾರು ಬಲಕ್ಕೆ ನುಗ್ಗಿತು. ಬಲಬದಿಯಲ್ಲಿ ಮೀನಿನ ಬುಟ್ಟಿ ಹೊತ್ತು ಕಲ್ಯಾಣಿ ಎಂಬ ಹೆಂಗಸು ಬರುತ್ತಿದ್ದಳು. ಕಾರು ಅವಳನ್ನು ಕಟ್ಟೆಗೆ ಒತ್ತಿ ಜಜ್ಜಿಬಿಟ್ಟಿತು. ಅಲ್ಲೇ ಸತ್ತಳು. ಕೂಗು ಕೇಳಿ ಕಡಲ ಕಡೆಯಿಂದ ಓಡಿ ಬಂದವರು ಲಾದ್ರುವನ್ನು ಹೊರಗೆ ಎಳೆದು, ಕೈಗೆ ಸಿಕ್ಕಿದ್ದರಲ್ಲಿ ಹೊಡೆದರು. ಪೊಲೀಸರು ಬರುವಾಗ ಅವನು ಮೀನಿನ ರಾಶಿಯ ಮೇಲೆ ಬೋರಲು ಬಿದ್ದಿದ್ದನಂತೆ. ಯಾವ ರಕ್ತ ಕಲ್ಯಾಣಿಯದ್ದು, ಯಾವುದು ಅವನದ್ದು ಎಂದು ಹೇಳುವ ಹಾಗಿರಲಿಲ್ಲ.

ಪ್ರಜ್ಞೆ ಬಂದ ಮೇಲೆ ಅವನು ಹೇಳಿದ್ದು ಒಂದೇ ಮಾತು. "ನಾನು ತಿರುಗಿಸಲಿಲ್ಲ. ಕಾಲು ತೆಗೆದ ಮೇಲೆ ಅದೇ ಕಿತ್ತುಕೊಂಡು ಬಲಕ್ಕೆ ಹೋಯಿತು."

ಕೇಸು ಉಡುಪಿಯ ಕೋರ್ಟಿಗೆ ಬಂತು. ಕಾರಿನ ದೋಷ ಎಂದಾದರೆ, ಆ ಎಂಜಿನ್ ಹಾಕಿಸಿದ ಧಣಿಗಳು ಉತ್ತರ ಕೊಡಬೇಕಾಗುತ್ತಿತ್ತು. ಚಾಲಕನ ತಪ್ಪು ಎಂದಾದರೆ ಲಾದ್ರು ಜೈಲಿಗೆ. ಧಣಿಗಳು ನನ್ನನ್ನು ಕರೆದು "ನೀನು ಓದಿದವನು, ಇದ್ದದ್ದು ಇದ್ದ ಹಾಗೆ ಹೇಳು" ಎಂದರು. ಸುಳ್ಳು ಹೇಳು ಎನ್ನಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ರಿಪೇರಿಯಾದ ಕಾರನ್ನು ನಾನು ವಾಹನ ತಪಾಸಣೆಯ ಬ್ರೇಕ್ ಇನ್ಸ್‌ಪೆಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಣಿಪಾಲದ ಏರಿನಲ್ಲಿ ಇಪ್ಪತ್ತು ಸಲ ಹತ್ತಿಸಿದೆ. ಇಪ್ಪತ್ತು ಸಲವೂ ಎಡಕ್ಕೇ ಎಳೆಯಿತು. ಸಾಕ್ಷಿ ಕಟ್ಟೆಯಲ್ಲಿ ನಿಂತು ನಾನು ಹೇಳಿದೆ: ಈ ಕಾರು ಎಳೆದರೆ ಎಡಕ್ಕೆ ಮಾತ್ರ. ಅದೂ ಎಕ್ಸಿಲೇಟರ್ ಒತ್ತಿದಾಗ ಮಾತ್ರ. ಕಾಲು ತೆಗೆದ ಮೇಲೆ ಬಲಕ್ಕೆ ಕಿತ್ತುಕೊಂಡು ಹೋಗುವುದು ಅಸಾಧ್ಯ.

"ಅಸಾಧ್ಯವೇ?" ಎಂದು ವಕೀಲರು ಕೇಳಿದರು.

"ಉಣ್ಣದೆ ತೇಗು ಬರುತ್ತದೆಯೇ ಸ್ವಾಮಿ?" ಎಂದೆ. ಕೋರ್ಟಿನಲ್ಲಿ ಜನ ನಕ್ಕರು. ನನಗೆ ಖುಷಿಯಾಯಿತು. ಈಗ ಅದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ, ಆದರೆ ಅವತ್ತು ಖುಷಿಯಾದದ್ದು ನಿಜ. ಲಾದ್ರು ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಎದುರಿಗೆ ನಿಂತಿದ್ದ. ನನ್ನ ಕಡೆ ನೋಡಲಿಲ್ಲ. ಅವನ ಹೇಳಿಕೆಯ ಕಾಗದ ನನ್ನ ಕೈಗೂ ಬಂತು. ಕೊನೆಯಲ್ಲಿ ಹೆಬ್ಬೆಟ್ಟು, ಅದರ ಕೆಳಗೆ ಬರೆಯುವವನ ಅಕ್ಷರದಲ್ಲಿ ಒಂದು ಸಾಲು: ಎಡಗೈ ಹೆಬ್ಬೆರಳಿಗೆ ಗಾಯವಾದುದರಿಂದ ಬಲಗೈಯದ್ದು ಪಡೆಯಲಾಗಿದೆ. ಓದಿದೆ, ಮಡಚಿ ಕೊಟ್ಟೆ.

ಲಾದ್ರುವಿಗೆ ಒಂದು ವರ್ಷ ಸಜೆಯಾಯಿತು. ಮಂಗಳೂರಿನ ದೊಡ್ಡ ಕೋರ್ಟಿಗೆ ಅಪೀಲು ಹಾಕಿ, ಜಾಮೀನಿನ ಮೇಲೆ ಮನೆಗೆ ಬಂದ.

ಒಂದು ತಿಂಗಳು ಕಳೆದಿರಬಹುದು. ಧಣಿಗಳು ಕಾರನ್ನು ನನ್ನ ವಶಕ್ಕೆ ಬಿಟ್ಟಿದ್ದರು, ಊರಿಗೆ ಹೋಗಿ ಬಾ ಎಂದರು. ನಾನು ಕಾರ್ಕಳಕ್ಕೆ ಹೋಗಿ ಅಪ್ಪನನ್ನು ಹತ್ತಿಸಿಕೊಂಡೆ. ಅವರು ಅದುವರೆಗೆ ಕಾರಿನಲ್ಲಿ ಕೂತವರಲ್ಲ. ಹೊಸ ಮುಂಡಾಸು ಸುತ್ತಿ ಬಂದು, ಹತ್ತುವ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟರು, ಎತ್ತಿನ ಬೆನ್ನಿನ ಮೇಲೆ ಇಟ್ಟ ಹಾಗೆ. ಅಪ್ಪನಿಗೆ ತುಳು ಮಾತ್ರ ಬರುತ್ತಿತ್ತು, ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.

"ಆ ಹೆಂಗಸನ್ನು ಕೊಂದದ್ದು ಇದೇ ಅಲ್ವಾ?"

"ಕಾರು ಕೊಲ್ಲುವುದಿಲ್ಲ ಅಪ್ಪ. ಡ್ರೈವರ್ ಕೊಂದದ್ದು. ಇದು ಎಡಕ್ಕೆ ಮಾತ್ರ ಎಳೆಯುವುದು."

ಅಪ್ಪ ಯೋಚಿಸಿ ಹೇಳಿದರು: "ದಿನಾ ಎಡಕ್ಕೆ ಎಳೆಯುವ ಎತ್ತು ಒಂದು ದಿನ ಬಲಕ್ಕೆ ಎಳೆದರೆ, ಅದು ಎಂತ ಕಂಡಿತು ಅಂತ ನೋಡಬೇಕು ಮಗಾ. ಗಾಡಿಯವನನ್ನು ಹಿಡಿದು ಹೊಡೆಯುವುದಲ್ಲ."

ಕಾರ್ಕಳದಿಂದ ಉಡುಪಿಗೆ ನೇರ ದಾರಿ ಇದ್ದರೂ ಅಪ್ಪನಿಗೆ ಕಡಲ ಬದಿ ತೋರಿಸಬೇಕೆಂದು ಪಡುಬಿದ್ರಿಗೆ ಇಳಿದು ಕಾಪುವಿನ ರಸ್ತೆ ಹಿಡಿದೆ. ಮಧ್ಯಾಹ್ನ ಮೂರು ಗಂಟೆ. ಉರಿಬಿಸಿಲು, ಒಣ ರಸ್ತೆ, ಹಿಂದೆ ಮುಂದೆ ಒಂದು ಗಾಡಿಯಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಕಥೆಗಳಲ್ಲಿ ಯಾವಾಗಲೂ ಕತ್ತಲೆ ಇರುತ್ತದೆ. ನನಗೆ ಆ ಆಶ್ರಯ ಇಲ್ಲ.

ಮೋರಿಯ ಕಟ್ಟೆ ದೂರದಲ್ಲಿ ಕಂಡಿತು. ಒಂದು ಬದಿಯ ಕಲ್ಲು ಒಡೆದಿದ್ದು ನೋಡಿ ಅಪ್ಪನಿಗೆ ಗೊತ್ತಾಯಿತು. "ನಿಲ್ಲಿಸು. ಇಳಿದು ನಡೆದು ಹೋಗುವ" ಎಂದರು. ಗಾಡಿಯವರಲ್ಲಿ ಅದು ಕ್ರಮ. ರಸ್ತೆಯಲ್ಲಿ ಮನುಷ್ಯ ಅಪಘಾತದಲ್ಲಿ ಸತ್ತ ಜಾಗ ಬಂದರೆ ಗಾಡಿಯವನು ಇಳಿಯುತ್ತಾನೆ, ಮೂಗುದಾರ ಹಿಡಿದು ಎತ್ತುಗಳ ಮುಂದೆ ತಾನು ನಡೆದು ದಾಟಿಸುತ್ತಾನೆ. ನಾನು ಚಿಕ್ಕವನಿರುವಾಗ ಅಪ್ಪ ಹಾಗೆ ಇಳಿದದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

"ಕಾರಿಗೆ ಎಲ್ಲಿಯ ಮೂಗುದಾರ ಅಪ್ಪ?" ಎಂದು ನಕ್ಕೆ.

"ಮೂಗುದಾರ ಇಲ್ಲದಿದ್ದರೆ ಕಾಲು ಉಂಟಲ್ಲ ನಿನಗೆ. ಇಳಿ. ಸತ್ತವಳಿಗೆ ದಾರಿ ಬಿಟ್ಟು ಹೋಗು."

ನಾನು ಇಳಿಯಲಿಲ್ಲ. ಇಳಿಯದೆ ಇದ್ದದ್ದು ಮಾತ್ರವಲ್ಲ, ಅಪ್ಪನಿಗೆ ತೋರಿಸಬೇಕೆಂದು ಗೇರು ಇಳಿಸಿ ಎಕ್ಸಿಲೇಟರ್ ಪೂರ್ತಿ ಒತ್ತಿದೆ. ಎಂಜಿನ್ ಬೊಬ್ಬಿರಿಯಿತು. ಕಾರು ಯಾವತ್ತಿನ ಹಾಗೆ ಎಡಕ್ಕೆ ಎಳೆಯಿತು, ನಾನು ಅದುಮಿ ಹಿಡಿದೆ. "ನೋಡಿ ಅಪ್ಪ, ಎಡಕ್ಕೆ!" ಎಂದು ಹೇಳಿ ಕಾಲು ತೆಗೆದೆ.

ಕಾಲು ತೆಗೆದೆ. ಇದರಲ್ಲಿ ನನಗೆ ಸಂಶಯ ಇಲ್ಲ. ಎಂಜಿನ್ನಿನ ಸದ್ದು ಇಳಿದದ್ದು ಕೇಳಿಸಿತು. ಆ ಸದ್ದು ಇಳಿದ ಮೇಲೆ ಸ್ಟೇರಿಂಗ್ ಬಲಕ್ಕೆ ತಿರುಗಿತು. ತಿರುಗಿತು ಎಂದರೆ ಸಾಲದು. ಯಾರೋ ಎದುರಿನಿಂದ ಎರಡು ಕೈಯಲ್ಲಿ ಹಿಡಿದು ತಿರುಚಿದ ಹಾಗೆ ತಿರುಚಿತು. ನಾನು ತಡೆದು ಹಿಡಿದಿದ್ದೆ. ಸ್ಟೇರಿಂಗಿನ ಅಡ್ಡಕಂಬಿ ಮೇಲೆ ಬಂದು ನನ್ನ ಎಡಗೈಯ ಹೆಬ್ಬೆರಳಿಗೆ ಬಡಿಯಿತು, ಹಸಿ ಕಟ್ಟಿಗೆ ಮುರಿದ ಸದ್ದು ಕೇಳಿತು. ಕೈ ಬಿಟ್ಟುಹೋಯಿತು. ಬ್ರೇಕ್ ತುಳಿದೆ. ಕಾರು ರಸ್ತೆಗೆ ಅಡ್ಡವಾಗಿ ಉಜ್ಜಿಕೊಂಡು ಹೋಗಿ, ಆ ಒಡೆದ ಕಟ್ಟೆಗೇ ಗುದ್ದಿತು. ಬೇರೆ ಎಲ್ಲಿಗೂ ಅಲ್ಲ. ಅಪ್ಪನ ತಲೆ ಗಾಜಿಗೆ ಬಡಿದು ಗಾಜು ಪುಡಿಯಾಯಿತು. ಮುಂಡಾಸು ಇಲ್ಲದಿದ್ದರೆ ತಲೆ ಒಡೆಯುತ್ತಿತ್ತು. ಬಿಳಿ ಮುಂಡಾಸು ನನ್ನ ಕಣ್ಣೆದುರೇ ಕೆಂಪಾಯಿತು.

ಬಾಗಿಲು ತೆರೆಯುವುದರೊಳಗೆ ಜನ ಬಂದರು. ಅವರಿಗೆ ಕಾರಿನ ಗುರುತು ಸಿಕ್ಕಿತು. "ಅದೇ ಕಾರು!" ಎಂದು ಯಾರೋ ಕಿರುಚಿದರು. ಮೊದಲ ಕಲ್ಲು ದೀಪಕ್ಕೆ ಬಿತ್ತು, ಎರಡನೆಯದು ನನ್ನ ಬೆನ್ನಿಗೆ. ಕತ್ತಿನ ಪಟ್ಟಿ ಹಿಡಿದು ಹೊರಗೆ ಎಳೆದು ಹಾಕಿದರು. ಎಳೆದವನ ಇನ್ನೊಂದು ಕೈಯಲ್ಲಿ ದೋಣಿಯ ಹುಟ್ಟು ಇತ್ತು. ಅವನನ್ನು ನಾನು ಕೋರ್ಟಿನಲ್ಲಿ ನೋಡಿದ್ದೆ. ಕಲ್ಯಾಣಿಯ ತಮ್ಮ, ವಾಸು. ಅವನಿಗೂ ನನ್ನ ಗುರುತು ಹತ್ತಿತು. ಮುಖಕ್ಕೆ ಒಂದು ಬಾರಿಸಿದ, ಬಾಯಿಯಲ್ಲಿ ರಕ್ತ ಬಂತು.

"ಕೋರ್ಟಿನಲ್ಲಿ ಹೇಳಿದೆ ಅಲ್ವಾ, ಬಲಕ್ಕೆ ಹೋಗಲಿಕ್ಕೇ ಇಲ್ಲ ಅಂತ? ಈಗ ಹೇಳು! ಯಾರು ತಿರುಗಿಸಿದ್ದು?"

"ನಾನು ತಿರುಗಿಸಲಿಲ್ಲ" ಎಂದೆ. "ಕಾಲು ತೆಗೆದ ಮೇಲೆ ಅದೇ ಕಿತ್ತುಕೊಂಡಿತು."

ಹೇಳಿದ ಮೇಲೆ ನನಗೇ ಕೇಳಿಸಿತು, ಅದು ಯಾರ ಮಾತು ಎಂದು. ವಾಸುವಿಗೂ ಕೇಳಿಸಿರಬೇಕು, ಎತ್ತಿದ ಹುಟ್ಟು ಹಾಗೆಯೇ ನಿಂತಿತು. ಅಷ್ಟರಲ್ಲಿ ಅಪ್ಪ ಮುಖವೆಲ್ಲ ರಕ್ತ ಮಾಡಿಕೊಂಡು ನಡುವೆ ಬಂದು ನಿಂತರು.

"ಹೊಡೆಯುವುದಾದರೆ ನನಗೆ ಹೊಡೆ ಮಗಾ. ಇಳಿದು ನಡಿ ಅಂತ ಹೇಳಿದೆ, ಇವನು ಕೇಳಲಿಲ್ಲ. ಮಾತು ಕೇಳದವನನ್ನು ಸಾಕಿದ್ದು ನಾನು."

ವಾಸು ಆ ಮುದುಕನನ್ನು ನೋಡಿದ, ಒಡೆದ ಕಟ್ಟೆಯನ್ನು ನೋಡಿದ. ಹುಟ್ಟನ್ನು ಕಾರಿನ ಬಾನೆಟ್ಟಿಗೆ ಎತ್ತಿ ಬಡಿದ, ಒಂದು ಸಲ ಅಲ್ಲ, ಹುಟ್ಟು ಮುರಿಯುವವರೆಗೆ. ಆಮೇಲೆ ಅಲ್ಲೇ ಕುಳಿತು ದೊಡ್ಡ ಧ್ವನಿಯಲ್ಲಿ ಅತ್ತ. ಮತ್ತೆ ಯಾರೂ ನಮ್ಮನ್ನು ಮುಟ್ಟಲಿಲ್ಲ.

ನಾಲ್ಕು ದಿನ ಕಳೆದು ಕೈಗೆ ಪಟ್ಟಿ ಹಾಕಿಕೊಂಡು ಲಾದ್ರುವಿನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಕೂತಿದ್ದ. ಏಳಲಿಲ್ಲ.

"ಎಂತ ಇಂಜಿನಿಯರ್ರೇ, ಉಣ್ಣದೆ ತೇಗು ಬಂತಾ?" ಎಂದ.

ಜಗಲಿಯ ಅಂಚಿನಲ್ಲಿ ಕೂತೆ. ಅವನು ನನ್ನ ಪಟ್ಟಿ ಕಟ್ಟಿದ ಕೈಯನ್ನು ಎಳೆದು ನೋಡಿದ. ಆಮೇಲೆ ತನ್ನ ಎಡಗೈ ಮುಂದೆ ಚಾಚಿದ. ಹೆಬ್ಬೆರಳು ಮೊದಲ ಗಂಟಿನಲ್ಲಿ ಮುರಿದು, ಹಿಂದಕ್ಕೆ ಬಾಗಿ ಕೂಡಿಕೊಂಡಿತ್ತು. ಡಾಕ್ಟರರು ನನ್ನದನ್ನು ನೇರ ಮಾಡಲು ಹೆಣಗಿದ್ದು ಅದೇ ಗಂಟಿನಲ್ಲಿ.

"ಜನ ಹೊಡೆದದ್ದು ತಲೆಗೆ, ಬೆನ್ನಿಗೆ, ಬಲಗೈಗೆ. ಇದು ಅವರು ಬರುವ ಮೊದಲೇ ಹೋಗಿತ್ತು. ಡಾಕ್ಟರು ಎಲ್ಲವನ್ನೂ ಒಟ್ಟಿಗೆ ಬರೆದರು. ಯಾರೂ ಕೇಳಲಿಲ್ಲ. ಕೋರ್ಟಿಗೆ ಮೊದಲು ನೀವು ಅಷ್ಟು ಪ್ರಶ್ನೆ ಕೇಳಿದಿರಿ ಇಂಜಿನಿಯರ್ರೇ, ಟೈರಿನ ಗಾಳಿ ಎಷ್ಟು ಅಂತ ಕೇಳಿದಿರಿ. ಇದನ್ನು ಕೇಳಲಿಲ್ಲ."

ಹೌದು, ಕೇಳಲಿಲ್ಲ. ಆ ಕಾಗದದ ಕೆಳಗಿನ ಸಾಲನ್ನು ನಾನು ಓದಿದ್ದೆ. ಕೋರ್ಟಿನಲ್ಲಿದ್ದ ಬೇರೆ ಯಾರಿಗೂ ಅದು ಕಾಣದಿದ್ದರೆ ತಪ್ಪಲ್ಲ. ಹೆಬ್ಬೆಟ್ಟಿನ ಮನೆಯಿಂದ ಬಂದವನು ನಾನೊಬ್ಬನೇ. ಗಂಡಸಿಗೆ ಎಡಗೈಯದ್ದೇ ಒತ್ತಿಸುತ್ತಾರೆ, ಅದನ್ನು ಬಿಟ್ಟು ಬಲಗೈಯದ್ದು ಯಾಕೆ ಎಂದು ನಾನಾದರೂ ಒಂದು ಸಲ ನಿಂತು ನೋಡಬೇಕಿತ್ತು.

ಅಪೀಲಿನ ಕೋರ್ಟಿನಲ್ಲಿ ನನ್ನ ಹೇಳಿಕೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಧಣಿಗಳಿಗೆ ಮೊದಲೇ ತಿಳಿಸಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ನನ್ನ ಮೇಲೆ ಬೀಸಿ ಎಸೆದರು. ಅದು ಕಿವಿಯ ಪಕ್ಕದಿಂದ ಹೋಗಿ ಬಸ್ಸಿನ ಗಾಜು ಒಡೆಯಿತು. ಕೆಲಸ ಅಲ್ಲಿಗೇ ಮುಗಿಯಿತು. ಮಂಗಳೂರಿನಲ್ಲಿ ನ್ಯಾಯಾಧೀಶರು ಕೇಳಿದರು, ಎಡಕ್ಕೆ ಮಾತ್ರ ಎಂದವರು ಈಗ ಬಲಕ್ಕೂ ಎನ್ನುತ್ತೀರಿ, ಕಾರಣವೇನು?

"ಗೊತ್ತಿಲ್ಲ."

"ನೀವು ಪದವೀಧರರಲ್ಲವೇ?"

"ಹೌದು ಸ್ವಾಮಿ. ಗೊತ್ತಿಲ್ಲ."

ಈ ಸಲವೂ ಕೆಲವರು ನಕ್ಕರು. ನನ್ನ ಪದವಿಗಾಗಿ ನಾನು ಪಟ್ಟ ಕಷ್ಟಕ್ಕಿಂತ ಆ ಒಂದು ಮಾತು ಹೆಚ್ಚು ಕಷ್ಟದ್ದಾಗಿತ್ತು. ತಜ್ಞನ ಸಾಕ್ಷ್ಯ ಬಿದ್ದುಹೋಯಿತು, ಸಂಶಯದ ಲಾಭದಲ್ಲಿ ಲಾದ್ರು ಬಿಡುಗಡೆಯಾದ.

ಕಾರಣ ಹುಡುಕುವುದನ್ನು ನಾನು ಬಿಡಲಿಲ್ಲ. ಕಾಲು ತೆಗೆದಾಗ ಎಂಜಿನ್ ಚಕ್ರವನ್ನು ತಡೆಯುತ್ತದೆ, ಆಗ ಎಳೆತ ತಿರುವುಮುರುವಾಗಿ ಸ್ವಲ್ಪ ಬಲಕ್ಕೆ ಬರುತ್ತದೆ. ಕೋರ್ಟಿನಲ್ಲಿ ಅಸಾಧ್ಯ ಎಂದು ಕೂಗಿದವನಿಗೆ ಇಷ್ಟೂ ಹೊಳೆದಿರಲಿಲ್ಲ. ಆದರೆ ಆಮೇಲೆ, ಆ ಕಾರನ್ನು ಕೊಂಡು ರಿಪೇರಿ ಮಾಡಿಸಿದವರನ್ನು ಕೇಳಿ, ಅದರಲ್ಲೇ ಪರೀಕ್ಷೆ ಮಾಡಿದೆ. ಎರಡು ಬೆರಳಲ್ಲಿ ತಡೆಯುವಷ್ಟು ಎಳೆತ, ಮೂಳೆ ಮುರಿಯುವಂಥದ್ದಲ್ಲ. ಎಡಕ್ಕೆ ಎಳೆಯುತ್ತದೆಂದು ನಾನೇ ಬಲಕ್ಕೆ ಜಗ್ಗಿ ಹಿಡಿದಿದ್ದೆನೇ? ಹಾಗಿದ್ದರೆ ಸ್ಟೇರಿಂಗ್ ನನ್ನ ಕೈಯ ಜೊತೆ ಹೋಗಬೇಕಿತ್ತು, ಕೈಯನ್ನು ಮುರಿದುಕೊಂಡು ಹೋಗಬಾರದಿತ್ತು. ಟೈರು ಒಡೆದಿರಲಿಲ್ಲ, ಸ್ಟೇರಿಂಗಿನ ಸಲಾಕೆಗಳು ನೆಟ್ಟಗಿದ್ದವು. ಕೊನೆಗೆ ಆ ಕಾರನ್ನು ಗುಜರಿಗೆ ಕಡಿಯುವಾಗ ಹೋಗಿ ಎರಡು ದಂಡಗಳನ್ನೂ ತೆಗೆಸಿ ನೋಡಿದೆ. ಒಂದು ಗಿಡ್ಡ, ಒಂದು ಉದ್ದ. ಬೇರೇನೂ ಇಲ್ಲ. ಆ ಮೋರಿಯೇ ಮಾಡಿದ್ದು ಎಂದು ಹೇಳಲು ಈಗಲೂ ನನ್ನ ನಾಲಗೆ ಏಳುವುದಿಲ್ಲ. ಅಲ್ಲ ಎಂದು ಹೇಳಲೂ ಏಳುವುದಿಲ್ಲ. ಅಲ್ಲಿಗೆ ಬಂದಾಗ ಗಾಡಿ ನಿಲ್ಲಿಸಿ ಇಳಿಯುತ್ತೇನೆ, ಅಷ್ಟು ಮಾತ್ರ.

ಲಾದ್ರು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ, ತೆಂಗಿನಕಾಯಿ ವ್ಯಾಪಾರ ಮಾಡಿದ. ಪ್ರತಿ ಕ್ರಿಸ್ಮಸ್ಸಿಗೆ ಕುಸ್ವಾರದ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಹಿಡಿದು ನಮ್ಮ ಮನೆಗೆ ಬರುತ್ತಾನೆ. ಬಾಗಿಲಲ್ಲೇ ಒಂದು ಪ್ರಶ್ನೆ.

"ಎಂತ ಇಂಜಿನಿಯರ್ರೇ, ಗೊತ್ತಾಯಿತಾ?"

"ಇಲ್ಲ ಲಾದ್ರು."

ಹೋದ ವರ್ಷವೂ ಕೇಳಿದ, ನಾನೂ ಅದನ್ನೇ ಹೇಳಿದೆ. ಅವನು ತಟ್ಟೆಯನ್ನು ನನ್ನ ಕೈಗೆ ಕೊಟ್ಟ. ಕೊಡುವ ಕೈಯಲ್ಲೂ ತೆಗೆದುಕೊಳ್ಳುವ ಕೈಯಲ್ಲೂ ಎಡದ ಹೆಬ್ಬೆರಳು ಅಂಚನ್ನು ಸರಿಯಾಗಿ ಹಿಡಿಯಲಿಲ್ಲ. ಎರಡು ಸಿಹಿ ಕಲ್ಕಲ್ ನೆಲಕ್ಕೆ ಬಿದ್ದವು.

"ಇರಲಿ ಮಾರಾಯ್ರೇ" ಎಂದ ಲಾದ್ರು ಬಗ್ಗಿ ಹೆಕ್ಕುತ್ತ, "ಬರುವ ವರ್ಷ ಕೇಳುತ್ತೇನೆ."